ಕೈ ಮೇಲಿನ ಕಲೆ ನೋಡಿ "ಯಾರು ಹೊಡೆದಿದ್ದು?" ಅಂತ ಕೇಳುವವರಿಗೆ ಏನು ಹೇಳಲಿ?

ನೇರಳೆ_ಕೈ (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನಾನು ಮಂಡಿಪೇಟೆ ಕಡೆ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸ ಮಾಡುತ್ತೇನೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಸೀರೆ ಬಿಚ್ಚುವುದು, ಸೆರಗು ಹರಡುವುದು, ಮತ್ತೆ ಮಡಚುವುದು. ಹಾಗಾಗಿ ಗಿರಾಕಿಗಳ ಕಣ್ಣು ನನ್ನ ಕೈ ಮೇಲೇ ಇರುತ್ತದೆ. ಆ ಕೈ ಮೇಲೆ ಯಾವಾಗಲೂ ಎರಡು ಮೂರು ಕಲೆ. ಹೊಸದು ನೇರಳೆ ಹಣ್ಣು ಹಿಂಡಿದ ಹಾಗೆ, ಹಳೆಯದು ಹಸಿರು ಹಳದಿಗೆ ತಿರುಗಿರುತ್ತದೆ. ಮೊಣಕೈ ಹತ್ತಿರ ಸಾಸಿವೆ ಚೆಲ್ಲಿದ ಹಾಗೆ ಸಣ್ಣ ಕೆಂಪು ಚುಕ್ಕೆಗಳು.

ನನಗಿರುವುದು ಐಟಿಪಿ, ಅಂದರೆ ರಕ್ತ ನಿಲ್ಲಿಸುವ ಪ್ಲೇಟ್‌ಲೆಟ್ ಕಣಗಳನ್ನು ನಮ್ಮ ಮೈಯೇ ನಾಶ ಮಾಡುವ ಕಾಯಿಲೆ. ಮೂರು ವರ್ಷದ ಹಿಂದೆ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬಂತು, ನಿಲ್ಲಲೇ ಇಲ್ಲ. ಆ ತಿಂಗಳು ಮುಟ್ಟು ಹದಿನೈದು ದಿನ ಹೋಯಿತು. ರಕ್ತ ಪರೀಕ್ಷೆ ಮಾಡಿಸಿದರೆ ಪ್ಲೇಟ್‌ಲೆಟ್ 9 ಸಾವಿರ. ಸಾಮಾನ್ಯವಾಗಿ 1.5 ಲಕ್ಷದಿಂದ 4.5 ಲಕ್ಷದ ಒಳಗೆ ಇರಬೇಕಂತೆ. ಮೊದಲು ಎಲ್ಲರೂ ಡೆಂಗಿ ಅಂದರು. ಡೆಂಗಿ ಇರಲಿಲ್ಲ. ಆಮೇಲೆ ಮೂಳೆ ಮಜ್ಜೆ ಪರೀಕ್ಷೆ, ಅದು ಇದು ಎಲ್ಲ ಆಗಿ ಈ ಹೆಸರು ಹೇಳಿದರು. ಸ್ಟಿರಾಯ್ಡ್ ಕೊಟ್ಟರು, ಮುಖ ಚಂದ್ರನ ಹಾಗೆ ಊದಿತು. "ಚೆನ್ನಾಗಿ ಮೈ ತುಂಬಿಕೊಂಡಿದ್ದೀಯಲ್ಲ" ಅಂತ ಓಣಿಯಲ್ಲಿ ಎಲ್ಲರೂ ಹೇಳುವವರೇ. ಈಗ ಪ್ಲೇಟ್‌ಲೆಟ್ ಹೆಚ್ಚಿಸುವ ಎಲ್ಟ್ರಾಂಬೊಪ್ಯಾಗ್ ಮಾತ್ರೆ ನಡೆಯುತ್ತಿದೆ, ಕೌಂಟ್ 25 ಸಾವಿರದಿಂದ 60 ಸಾವಿರದ ಮಧ್ಯೆ ಓಡಾಡುತ್ತದೆ. ಕೆಲಸ ಮಾಡುತ್ತೇನೆ, ಅಡುಗೆ ಮಾಡುತ್ತೇನೆ, ಚೆನ್ನಾಗಿದ್ದೇನೆ.

ವಿಷಯ ಏನಂದರೆ, ಜನ ಕೇಳುತ್ತಾರೆ. ಕೇಳುವುದು ತಪ್ಪು ಅಂತ ನಾನು ಹೇಳುವುದಿಲ್ಲ. "ಅಂಟುತ್ತಾ?" ಅಂದರೆ ಇಲ್ಲ ಅಂತೀನಿ. "ಬ್ಲಡ್ ಕ್ಯಾನ್ಸರಾ?" ಅಂದರೂ ಇಲ್ಲ ಅಂತೀನಿ. ಆದರೆ ಜಾಸ್ತಿ ಜನ ಕೇಳದೇ ಒಂದು ತೀರ್ಮಾನಕ್ಕೆ ಬಂದುಬಿಟ್ಟಿರುತ್ತಾರೆ. ಗಂಡ ಹೊಡೆಯುತ್ತಾನೆ ಅಂತ.

ಹೋದ ವಾರ ಒಬ್ಬರು ಹೆಂಗಸು, ಐವತ್ತರ ಆಸುಪಾಸು, ಮಗಳ ಮದುವೆಗೆ ಸೀರೆ ತೆಗೆದುಕೊಂಡರು. ಒಂದೂ ಮಾತು ಕೇಳಲಿಲ್ಲ. ಹೋಗುವಾಗ ಒಂದು ಚೀಟಿ ಮಡಚಿ ನನ್ನ ಕೈಗಿಟ್ಟರು. ಬಿಚ್ಚಿ ನೋಡಿದರೆ 181 ಅಂತ ಬರೆದಿತ್ತು, ಮಹಿಳಾ ಸಹಾಯವಾಣಿ. ಕೆಳಗೆ "ಹೆದರಬೇಡಮ್ಮ" ಅಂತ. ಸ್ಟಾಕ್ ರೂಮಿಗೆ ಹೋಗಿ ಅತ್ತುಬಿಟ್ಟೆ. ಅವರ ಮನಸ್ಸು ಎಷ್ಟು ಒಳ್ಳೆಯದು ನೋಡಿ. ಆದರೆ ನಮ್ಮ ಮನೆಯವರು ನನ್ನ ಮೇಲೆ ಒಂದು ದಿನ ಕೈ ಎತ್ತಿದವರಲ್ಲ. ಮೂರು ವರ್ಷದಿಂದ ಆಸ್ಪತ್ರೆ ಫೈಲ್ ಹಿಡಿದು ಓಡಾಡುತ್ತಿರುವವರು ಅವರೇ. ಈಗೀಗ ರಾತ್ರಿ ನನ್ನನ್ನು ಕರೆದುಕೊಂಡು ಹೋಗಲು ಬಂದರೆ ಅಂಗಡಿ ಮುಂದೆ ನಿಲ್ಲುವುದಿಲ್ಲ, ಆಚೆ ತಿರುವಿನಲ್ಲಿ ಗಾಡಿ ನಿಲ್ಲಿಸಿಕೊಂಡು ಫೋನ್ ಮಾಡುತ್ತಾರೆ. ಜನ ನೋಡುವ ರೀತಿ ಅವರಿಗೂ ಗೊತ್ತಾಗಿದೆ.

"ಇಲ್ಲ, ಇದು ಕಾಯಿಲೆ, ಸುಮ್ನೆ ತಾಗಿದರೂ ಹೀಗಾಗುತ್ತದೆ" ಅಂತ ಹೇಳಿದರೆ ಜನ ಇನ್ನೂ ಮರುಕದಿಂದ ನೋಡುತ್ತಾರೆ. ಹೊಡೆಸಿಕೊಂಡವರು ಹೇಳುವುದೂ ಅದೇ ಮಾತಲ್ವಾ, ಬಾಗಿಲು ತಾಗಿತು, ಮೆಟ್ಟಿಲಲ್ಲಿ ಬಿದ್ದೆ ಅಂತ. ನಾನು ಹೇಳುವ ನಿಜ ಅವರ ಕಿವಿಗೆ ಸುಳ್ಳಿನ ಹಾಗೇ ಕೇಳುತ್ತದೆ. ಉದ್ದ ತೋಳಿನ ಕುಪ್ಪಸ ಹಾಕಿ ನೋಡಿದೆ. ಏಪ್ರಿಲ್‌ನಲ್ಲಿ ನಮ್ಮೂರ ಬಿಸಿಲು ಗೊತ್ತಲ್ಲ, ಆಗಲಿಲ್ಲ. ಇಂಥ ಕಾಯಿಲೆ ಇರುವವರು ಯಾರಾದರೂ ಇದ್ದರೆ, ನೀವು ಏನು ಹೇಳುತ್ತೀರಿ? ಸರಿಯಾದ ಮಾತು ಬೇಕು ನನಗೆ.

ಹರಿಹರದ_ಅಮ್ಮ:

ತಂಗಿ, ನಿಮ್ಮ ಬರಹ ಓದಿ ಎದೆ ಭಾರ ಆಯಿತು. ನನ್ನ ಮಗನಿಗೆ ಹಿಮೋಫಿಲಿಯಾ ಎ. ಈಗ ಹನ್ನೊಂದು ವರ್ಷ. ನಿಮ್ಮದು ಪ್ಲೇಟ್‌ಲೆಟ್ ಕಡಿಮೆ, ಅವನದು ಪ್ಲೇಟ್‌ಲೆಟ್ ಸರಿಯಾಗಿದೆ, ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ 8 ಅನ್ನುವುದು ಕಡಿಮೆ. ಕಾಯಿಲೆ ಬೇರೆ, ಕಲೆ ಒಂದೇ. ನಿಮ್ಮ ಮನೆಯವರನ್ನು ನೋಡುವ ಹಾಗೆ ಜನ ನನ್ನನ್ನು ನೋಡಿದ್ದಾರೆ. ಅವನು ಅಂಬೆಗಾಲಿಡುವಾಗ ಮೊಣಕಾಲು, ಎದೆ ಎಲ್ಲ ನೀಲಿ. ಆಗಿನ್ನೂ ನಮಗೆ ಕಾಯಿಲೆ ಗೊತ್ತಿರಲಿಲ್ಲ. ಒಂದು ಕ್ಲಿನಿಕ್‌ನಲ್ಲಿ ನನ್ನನ್ನು ಹೊರಗೆ ಕೂರಿಸಿ ನನ್ನ ಅತ್ತೆಯನ್ನು ಒಬ್ಬರನ್ನೇ ಒಳಗೆ ಕರೆದು "ತಾಯಿ ಮಗುವಿಗೆ ಹೊಡೆಯುತ್ತಾರಾ?" ಅಂತ ಕೇಳಿದರು. ಅತ್ತೆ ಹೊರಗೆ ಬಂದು ನನ್ನ ಕೈ ಹಿಡಿದುಕೊಂಡು ಕೂತಿದ್ದು ಇವತ್ತಿಗೂ ಮರೆತಿಲ್ಲ.

ನಾನು ಕಲಿತಿದ್ದು ಏನಂದರೆ, ದಿನಾ ನೋಡುವವರಿಗೆ ಮೊದಲೇ ಹೇಳಿಬಿಡಬೇಕು. ಕಲೆ ಕಾಣಿಸಿದ ಮೇಲೆ ಹೇಳಿದರೆ ಸಮರ್ಥನೆ ಅನ್ನಿಸುತ್ತದೆ, ಅದಕ್ಕಿಂತ ಮೊದಲೇ ಹೇಳಿದರೆ ಮಾಹಿತಿ ಆಗುತ್ತದೆ. ಪ್ರತಿ ಜೂನ್‌ನಲ್ಲಿ ಹೊಸ ಟೀಚರ್ ಬಂದ ಮೊದಲನೇ ವಾರವೇ ನಾನು ಶಾಲೆಗೆ ಹೋಗುತ್ತೇನೆ. ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗುತ್ತೇನೆ. ಇವನಿಗೆ ಗಾಯವಾದರೆ ರಕ್ತ ಬೇರೆ ಮಕ್ಕಳಿಗಿಂತ ಜೋರಾಗಿ ಬರುವುದಿಲ್ಲ, ಆದರೆ ಹೆಚ್ಚು ಹೊತ್ತು ಬರುತ್ತದೆ. ಹೊರಗೆ ಕಾಣುವ ಗಾಯಕ್ಕಿಂತ ಮೊಣಕಾಲಿನ ಕೀಲಿನ ಒಳಗೆ ಆಗುವ ಸ್ರಾವವೇ ನಮಗೆ ಭಯ. ಕಾಲು ಬಿಸಿಯಾಗಿದೆ, ಜುಮ್ ಅನ್ನುತ್ತಿದೆ ಅಂದರೆ ನೆಪ ಅಂದುಕೊಳ್ಳಬೇಡಿ, ಐಸ್ ಇಟ್ಟು ನನಗೆ ಫೋನ್ ಮಾಡಿ. ಜ್ವರ ನೋವು ಅಂತ ಆಸ್ಪಿರಿನ್ ಕೊಡಬೇಡಿ. ಇಷ್ಟೇ. ನಿಮ್ಮ ಅಂಗಡಿಯ ಮಾಲೀಕರಿಗೆ, ಜೊತೆ ಕೆಲಸ ಮಾಡುವ ಹುಡುಗಿಯರಿಗೆ ಇಂಥದ್ದೊಂದು ಹಾಳೆ ಕೊಡಿ. ಗಿರಾಕಿ ನಿಮ್ಮನ್ನು ನಂಬದಿದ್ದರೂ ಪಕ್ಕದವಳು "ಹೌದು ಅಕ್ಕ, ಇವರಿಗೆ ರಕ್ತದ ತೊಂದರೆ ಇದೆ" ಅಂದರೆ ನಂಬುತ್ತಾರೆ.

ಇನ್ನೊಂದು. ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ನಿಮ್ಮ ದಾವಣಗೆರೆಯಲ್ಲೇ ಇದೆ. ಅದರ ಹಿಂದಿರುವ ಡಾ. ಸುರೇಶ್ ಹನಗವಾಡಿ ಅವರೂ ಸ್ವತಃ ಹಿಮೋಫಿಲಿಯಾ ಇರುವವರು. ನಿಮ್ಮ ಕಾಯಿಲೆ ಬೇರೆ, ಆದರೂ ರಕ್ತದ ತೊಂದರೆ ಇಟ್ಟುಕೊಂಡು ಓದಿ ಡಾಕ್ಟರ್ ಆದವರು ಇದೇ ಊರಲ್ಲಿದ್ದಾರೆ ಅಂತ ತಿಳಿದ ದಿನ ನನ್ನ ಮಗ ಅವತ್ತೆಲ್ಲ ಅದನ್ನೇ ಹೇಳುತ್ತಿದ್ದ.

ಸಲಹೆಗಾರ_77:

ಪಪ್ಪಾಯಿ ಎಲೆ ರಸ ಕುಡಿಯಿರಿ ಮೇಡಂ, ನಮ್ಮ ಅಣ್ಣನಿಗೆ ಡೆಂಗಿ ಬಂದಾಗ ನಾಲ್ಕೇ ದಿನದಲ್ಲಿ 20 ಸಾವಿರದಿಂದ ಲಕ್ಷ ದಾಟಿತು. ಇಲ್ಲದಿದ್ದರೆ ಹೊರಗಿನಿಂದ ಪ್ಲೇಟ್‌ಲೆಟ್ ಏರಿಸಿಕೊಳ್ಳಿ, ಸುಮ್ನೆ ಯಾಕೆ ಕಷ್ಟಪಡುತ್ತೀರಿ.

ಲ್ಯಾಬ್_ಅಣ್ಣ (ದಾವಣಗೆರೆ):

ಸಲಹೆಗಾರರೇ, ನೀವು ಕಾಳಜಿಯಿಂದ ಹೇಳಿದ್ದೀರಿ, ಆದರೆ ಎರಡೂ ಇಲ್ಲಿ ಹೊಂದುವುದಿಲ್ಲ. ನಾನು ಹದಿನಾಲ್ಕು ವರ್ಷದಿಂದ ರಕ್ತ ಪರೀಕ್ಷೆ ಲ್ಯಾಬ್‌ನಲ್ಲಿದ್ದೇನೆ, ಆಗಸ್ಟ್ ಸೆಪ್ಟೆಂಬರ್ ಬಂತೆಂದರೆ ಇದೇ ಮಾತು. ಡೆಂಗಿಯಲ್ಲಿ ವೈರಸ್‌ನಿಂದ ಕೌಂಟ್ ಇಳಿಯುತ್ತದೆ, ಜ್ವರದ ಕಾಲ ಮುಗಿದ ಮೇಲೆ ಮಜ್ಜೆ ಚೇತರಿಸಿಕೊಂಡು ತಾನಾಗಿಯೇ ಏರುತ್ತದೆ. ನಿಮ್ಮ ಅಣ್ಣ ರಸ ಕುಡಿಯದಿದ್ದರೂ ಅವತ್ತಿಗೆ ಏರುತ್ತಿತ್ತು. ಐಟಿಪಿ ಹಾಗಲ್ಲ.

ಮೇಡಂ, ನನ್ನ ಹತ್ತಿರ ಬರುವವರಿಗೆ ನಾನು ಹೇಳುವ ರೀತಿ ಹೇಳುತ್ತೇನೆ, ಬೇಕಾದರೆ ಬಳಸಿಕೊಳ್ಳಿ. ಚನ್ನಗಿರಿ ಕಡೆಯ ಸೂಳೆಕೆರೆ ಏರಿ ನೋಡಿದ್ದೀರಲ್ಲ. ಏರಿಯಲ್ಲಿ ಸಣ್ಣ ತೂತು ಬಿದ್ದು ನೀರು ಜಿನುಗಿದರೆ ಮೊದಲು ಓಡಿ ಬರುವುದು ಬುಟ್ಟಿಯಲ್ಲಿ ಮಣ್ಣು ಹೊತ್ತ ಆಳುಗಳು. ಮಣ್ಣು ಒತ್ತಿ ತೂತು ಮುಚ್ಚುತ್ತಾರೆ. ಗಾರೆ ಕೆಲಸದವರು ಆಮೇಲೆ ಬಂದು ಗಟ್ಟಿ ಮಾಡುತ್ತಾರೆ. ಮಣ್ಣು ಹೊರುವ ಆಳುಗಳೇ ಪ್ಲೇಟ್‌ಲೆಟ್. ಗಾರೆಯವರು ಫ್ಯಾಕ್ಟರ್‌ಗಳು, ಹರಿಹರದ ಅಮ್ಮನ ಮಗನಲ್ಲಿ ಕೊರತೆ ಇರುವುದು ಅವರದು. ನಮ್ಮ ಮೈಯಲ್ಲಿ ರಕ್ತನಾಳಕ್ಕೆ ಸಣ್ಣ ಸಣ್ಣ ಪೆಟ್ಟು ದಿನಾ ಬೀಳುತ್ತಲೇ ಇರುತ್ತದೆ, ಸೀರೆ ಕಟ್ಟು ಎತ್ತಿದಾಗ, ಬಸ್ಸಿನ ಕಂಬಿ ಒತ್ತಿದಾಗ. ನಮಗೆ ಗೊತ್ತೇ ಆಗದ ಹಾಗೆ ಆಳುಗಳು ಮುಚ್ಚಿಬಿಡುತ್ತಾರೆ. ನಿಮಗೆ ಮಜ್ಜೆ ಆಳುಗಳನ್ನು ಕಳಿಸುತ್ತಿದೆ, ಆದರೆ ಊರು ಕಾಯುವ ಕಾವಲುಗಾರರು ಅವರನ್ನೇ ಕಳ್ಳರು ಅಂದುಕೊಂಡು ಗುರುತು ಹಾಕುತ್ತಾರೆ. ಗುರುತು ಬಿದ್ದವರನ್ನು ಹೊಟ್ಟೆಯ ಎಡಗಡೆ ಇರುವ ಗುಲ್ಮ (ಸ್ಪ್ಲೀನ್) ಹಿಡಿದು ಮುಗಿಸುತ್ತದೆ. ಎಂಟು ಹತ್ತು ದಿನ ಬದುಕಬೇಕಾದ ಪ್ಲೇಟ್‌ಲೆಟ್ ಕೆಲವು ಗಂಟೆಯಲ್ಲೇ ಹೋಗಬಹುದು. ಹೊರಗಿನಿಂದ ಏರಿಸಿದರೂ ಅದಕ್ಕೂ ಅದೇ ಗತಿ. ಅದಕ್ಕೇ ದೊಡ್ಡ ರಕ್ತಸ್ರಾವ ಆದಾಗ ಬಿಟ್ಟರೆ ಡಾಕ್ಟರು ಪ್ಲೇಟ್‌ಲೆಟ್ ಏರಿಸುವುದಿಲ್ಲ.

ಆ ಸಾಸಿವೆಯಂಥ ಚುಕ್ಕೆ ಅಂದಿರಲ್ಲ. ಯಾರಾದರೂ ಅಲರ್ಜಿ ಅಂದರೆ ಒಂದು ಗಾಜಿನ ಲೋಟದ ಬದಿಯಿಂದ ಅದನ್ನು ಒತ್ತಿ ತೋರಿಸಿ. ಅಲರ್ಜಿ ಕೆಂಪು ಸಾಮಾನ್ಯವಾಗಿ ಒತ್ತಿದಾಗ ಮಾಯ ಆಗುತ್ತದೆ. ಇದು ಆಗುವುದಿಲ್ಲ, ರಕ್ತ ನಾಳದಿಂದ ಹೊರಗೆ ಬಂದು ಚರ್ಮದ ಕೆಳಗೆ ಕೂತಿರುತ್ತದೆ. ಇದನ್ನು ಕಣ್ಣಾರೆ ನೋಡಿದವರು ಆಮೇಲೆ ವಾದ ಮಾಡುವುದಿಲ್ಲ, ನಾನು ನೋಡಿದ್ದೇನೆ.

ಮತ್ತೆ ಒಂದು ಕೆಲಸದ ಮಾತು. ಯಾವತ್ತಾದರೂ ಕೌಂಟ್ ಇದ್ದಕ್ಕಿದ್ದ ಹಾಗೆ ತೀರಾ ಕಡಿಮೆ ಬಂದು, ಮೈ ಮೇಲೆ ಹೊಸ ಕಲೆ ಏನೂ ಇಲ್ಲದಿದ್ದರೆ, ರಕ್ತವನ್ನು ಗಾಜಿನ ಮೇಲೆ ಹರಡಿ ಮೈಕ್ರೋಸ್ಕೋಪಿನಲ್ಲಿ ಸ್ಮಿಯರ್ ನೋಡಲು ಹೇಳಿ. ರಕ್ತ ಹೆಪ್ಪುಗಟ್ಟದಿರಲಿ ಅಂತ ಟ್ಯೂಬಿನಲ್ಲಿ ಹಾಕಿರುವ ಇಡಿಟಿಎ ಅನ್ನುವ ರಾಸಾಯನಿಕ ಕೆಲವರ ಪ್ಲೇಟ್‌ಲೆಟ್‌ಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ, ಯಂತ್ರ ತಪ್ಪು ಎಣಿಸುತ್ತದೆ. ಅದರ ಬದಲು ಸಿಟ್ರೇಟ್ ಹಾಕಿದ ಟ್ಯೂಬಿನಲ್ಲಿ ಮತ್ತೆ ನೋಡಿದರೆ ಗೊತ್ತಾಗುತ್ತದೆ.

ಹೊಳಲ್ಕೆರೆ_ಹುಡುಗ:

ಅಕ್ಕ, ನನಗೂ ಐಟಿಪಿ. ಏಳು ವರ್ಷ ಆಯಿತು. ನಾನು ಹರಿಹರದ ಅಮ್ಮ ಹೇಳಿದ್ದಕ್ಕೆ ಸ್ವಲ್ಪ ಬೇರೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಎಲ್ಲರಿಗೂ ಎಲ್ಲ ಹೇಳುವ ಸಾಲ ನಮ್ಮ ಮೇಲಿಲ್ಲ. ನಾನು ದಿನಾ ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಪಕ್ಕದ ಸೀಟಿನವರು ದಿನಾ ಬೇರೆ. ಅವರಿಗೆಲ್ಲ ಗುಲ್ಮದ ಕಥೆ ಹೇಳುತ್ತಾ ಕೂತರೆ ನನ್ನ ಜೀವನ ಪೂರ್ತಿ ಕಾಯಿಲೆಯೇ ಆಗಿಬಿಡುತ್ತದೆ. ಮೊದಮೊದಲು ಹಾಗೇ ಮಾಡುತ್ತಿದ್ದೆ, ಕೊನೆಗೆ ಇಳಿಯುವಷ್ಟರಲ್ಲಿ ಸುಸ್ತು. ಈಗ ಒಂದೇ ಮಾತು, "ರಕ್ತದಲ್ಲಿ ಪ್ಲೇಟ್‌ಲೆಟ್ ಕಮ್ಮಿ, ಅಂಟಲ್ಲ, ಔಷಧಿ ತಗೋತಿದ್ದೀನಿ." ಮುಗಿಯಿತು. ಅಷ್ಟಕ್ಕೇ ಬಿಡದವರಿಗೆ ಕಿಟಕಿ ಕಡೆ ತಿರುಗುತ್ತೇನೆ.

ಆದರೆ ಮದುವೆ ವಿಷಯದಲ್ಲಿ ಪೂರ್ತಿ ಹೇಳಿದೆ. ಮನೆಯಲ್ಲಿ ಬೇಡ ಅಂದರು, ಆಮೇಲೆ ಹೇಳಿದರಾಯಿತು ಅಂದರು. ನಾನು ಒಪ್ಪಲಿಲ್ಲ. ಎರಡು ಕಡೆ ಹೇಳಿದ ಮೇಲೆ ಮಾತು ನಿಂತಿತು. ಮೂರನೇ ಕಡೆ ಹುಡುಗಿಯೇ ಕೇಳಿದಳು, ಇದು ಮಕ್ಕಳಿಗೆ ಬರುತ್ತದಾ ಅಂತ. ಸಾಮಾನ್ಯವಾಗಿ ಇದು ವಂಶದಿಂದ ಬರುವುದಲ್ಲ ಅಂತ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ ಕೇಳಿಸಿದೆ. ಈಗ ನಮಗೆ ಎರಡು ವರ್ಷದ ಮಗಳಿದ್ದಾಳೆ.

ನನಗೆ ಮಾತ್ರೆಗಳು ಹೆಚ್ಚು ಕೆಲಸ ಮಾಡಲಿಲ್ಲ, ಗುಲ್ಮ ತೆಗೆಸಿದೆ. ಸುಮಾರು ಮೂರರಲ್ಲಿ ಎರಡು ಪಾಲು ಜನಕ್ಕೆ ಅದರಿಂದ ಕೌಂಟ್ ಏರುತ್ತದಂತೆ, ನನಗೆ ಏರಿತು. ಆದರೆ ಗುಲ್ಮ ಇಲ್ಲದವರಿಗೆ ಸೋಂಕಿನ ಭಯ, ಆಪರೇಷನ್‌ಗೆ ಕನಿಷ್ಠ ಎರಡು ವಾರ ಮೊದಲು ಲಸಿಕೆ ಹಾಕಿದರು. ಈಗ ಜ್ವರ ಬಂದರೆ ಮನೆಯಲ್ಲಿ ಕಷಾಯ ಕುಡಿದು ಮಲಗುವ ಹಾಗಿಲ್ಲ, ಅವತ್ತೇ ಆಸ್ಪತ್ರೆ. ಪರ್ಸಿನಲ್ಲಿ ಒಂದು ಚೀಟಿ ಇಟ್ಟಿದ್ದೇನೆ. ಹೆಸರು, ರಕ್ತದ ಗುಂಪು, ಐಟಿಪಿ, ಗುಲ್ಮ ಇಲ್ಲ, ಆಸ್ಪಿರಿನ್, ಬ್ರೂಫೆನ್, ಡೈಕ್ಲೋಫೆನಾಕ್ ಕೊಡಬೇಡಿ. ನೀವೂ ಒಂದು ಇಟ್ಟುಕೊಳ್ಳಿ. ಎಲ್ಲಾದರೂ ತಪ್ಪಿ ಬಿದ್ದರೆ ನಮ್ಮ ಪರವಾಗಿ ಮಾತಾಡಲು ಅದೇ ಇರುವುದು.

ಇನ್ನೊಂದು ಕೇಳಬೇಕಿತ್ತು, ಎಲ್ಟ್ರಾಂಬೊಪ್ಯಾಗ್ ಯಾವಾಗ ತಗೋತೀರಿ? ಹಾಲು ಮೊಸರಿನ ಜೊತೆ ತಗೊಂಡರೆ ಅದು ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ ಅದನ್ನು ಹಿಡಿದುಕೊಂಡುಬಿಡುತ್ತದೆ. ಅಂಥ ಊಟಕ್ಕೆ ಎರಡು ಗಂಟೆ ಮೊದಲು ಇಲ್ಲವೇ ನಾಲ್ಕು ಗಂಟೆ ಆದ ಮೇಲೆ. ರಾಗಿಯಲ್ಲೂ ಕ್ಯಾಲ್ಸಿಯಂ ಜಾಸ್ತಿ. ನಾನು ಆ ಮಾತ್ರೆ ತಗೊಳ್ಳುತ್ತಿದ್ದಾಗ ನಮ್ಮ ಮನೆಯಲ್ಲಿ ಮುದ್ದೆ ಮಜ್ಜಿಗೆ ಇಲ್ಲದ ದಿನವೇ ಇರಲಿಲ್ಲ, ಎಷ್ಟು ತಿಂಗಳು ತಪ್ಪು ಹೊತ್ತಿನಲ್ಲಿ ನುಂಗಿದೆನೋ.

ಹೆಸರು_ಬೇಡ:

ನನಗೆ ಯಾವ ಕಾಯಿಲೆಯೂ ಇಲ್ಲ. ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ನನ್ನ ಕೈ ಮೇಲೆ ಇದ್ದಿದ್ದು ಹೊಡೆತದ ಕಲೆ. ಆರು ವರ್ಷ. ಆಫೀಸು, ಮದುವೆ ಮನೆ, ಜಾತ್ರೆ, ಎಲ್ಲ ಕಡೆ ಓಡಾಡಿದ್ದೇನೆ. ಒಬ್ಬರೂ ಚೀಟಿ ಕೊಡಲಿಲ್ಲ. ಹಾಗಾಗಿ ಆ ಹೆಂಗಸಿನ ಮೇಲೆ ದಯವಿಟ್ಟು ಮುನಿಸು ಇಟ್ಟುಕೊಳ್ಳಬೇಡಿ. ನೀವು ಇಟ್ಟುಕೊಂಡಿಲ್ಲ ಅಂತ ನಿಮ್ಮ ಮಾತಿನಲ್ಲೇ ಗೊತ್ತಾಗುತ್ತದೆ, ಆದರೂ ಹೇಳುತ್ತಿದ್ದೇನೆ.

ನೀವು ಹೇಳಿದ್ದು ನಿಜ, ನಾನೂ ಬಾಗಿಲು ತಾಗಿತು ಅಂತಲೇ ಹೇಳುತ್ತಿದ್ದೆ. ಆದರೆ ನಾನು ಹೇಗೆ ಹೇಳುತ್ತಿದ್ದೆ ಅಂತ ನೆನಪು ಮಾಡಿಕೊಂಡೆ. ಬೇಗ ಹೇಳುತ್ತಿದ್ದೆ. ಕೇಳಿ ಮುಗಿಸುವ ಮೊದಲೇ ಉತ್ತರ. ಸೆರಗು ಎಳೆದುಕೊಂಡು, ಬೇರೆ ಮಾತಿಗೆ ಹೋಗಿಬಿಡುತ್ತಿದ್ದೆ. ಇನ್ನೊಂದು ಪ್ರಶ್ನೆ ಬಂದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಹತ್ತಿರ ಇದೆ. ಹಾಗಾಗಿ ನೀವು ಅವಸರ ಮಾಡಬೇಡಿ. ಕೈ ಮುಚ್ಚಿಕೊಳ್ಳಬೇಡಿ. ಹೆಸರು ಹೇಳಿ, ಎಷ್ಟು ವರ್ಷ ಆಯಿತು ಹೇಳಿ, ಕೌಂಟ್ ಹೇಳಿ. ನಾನು ಯಾವತ್ತೂ ಕಲೆಗೆ ಒಂದು ಅಂಕಿ ಹೇಳಲು ಆಗುತ್ತಿರಲಿಲ್ಲ. ಮತ್ತೆ ಅವರೇ ಬಾಯಿ ಬಿಟ್ಟು ಕೇಳಲಾರದ ಪ್ರಶ್ನೆಯನ್ನು ನೀವೇ ಎತ್ತಿ. "ಯಾರೋ ಹೊಡೆದಿರಬೇಕು ಅಂತ ನಿಮಗೆ ಅನ್ನಿಸಿರಬಹುದು, ಇಲ್ಲ, ಕೇಳಿದ್ದಕ್ಕೆ ಒಳ್ಳೆಯದಾಯಿತು" ಅನ್ನಿ. ಹೊಡೆಸಿಕೊಳ್ಳುತ್ತಿರುವವಳ ಬಾಯಲ್ಲಿ ಆ ಶಬ್ದ ಬರುವುದು ಬಹಳ ಕಷ್ಟ.

ಆ ಚೀಟಿ ಎಸೆಯಬೇಡಿ. ಸೀರೆ ಅಂಗಡಿಗೆ ದಿನಾ ಎಷ್ಟೊಂದು ಹೆಂಗಸರು ಬರುತ್ತಾರೆ. ನಿಮ್ಮ ಕೈ ನೋಡಿ ತನ್ನ ಕೈ ಮುಚ್ಚಿಕೊಳ್ಳುವವಳು ಯಾವತ್ತಾದರೂ ಬರಬಹುದು.

ಹರಿಹರದ_ಅಮ್ಮ:

@ಹೆಸರು_ಬೇಡ, ನೀವು ಈಗ ಸುರಕ್ಷಿತವಾಗಿದ್ದೀರಾ ತಾಯಿ?

ಹೆಸರು_ಬೇಡ:

ಹೌದು ಅಕ್ಕ. ನಾಲ್ಕು ವರ್ಷ ಆಯಿತು. ತವರಿಗೂ ಹೋಗಲಿಲ್ಲ, ಸ್ವಂತ ಬಾಡಿಗೆ ಮನೆ.

ನೇರಳೆ_ಕೈ (ದಾವಣಗೆರೆ):

ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ, ತಡವಾಯಿತು.

ಹರಿಹರದ ಅಕ್ಕ, ಹಾಳೆ ಬರೆದು ಮಾಲೀಕರಿಗೆ ಕೊಟ್ಟೆ. ಅವರು ಓದಿ, ಮೇಲಿನ ಅಟ್ಟದಿಂದ ಕಟ್ಟು ಇಳಿಸುವ ಕೆಲಸ ಇನ್ನು ನಿನಗೆ ಬೇಡ ಅಂದರು. ನಾನು ಅದನ್ನು ಕೇಳಿರಲಿಲ್ಲ, ಅವರಿಗೇ ಹೊಳೆಯಿತು. ಜೊತೆಯ ಹುಡುಗಿಯರಿಗೆ ಲ್ಯಾಬ್ ಅಣ್ಣ ಹೇಳಿದ ಕೆರೆ ಏರಿ ಕಥೆ ಹೇಳಿದೆ, ಅವರಲ್ಲಿ ಒಬ್ಬಳು ಚನ್ನಗಿರಿ ಕಡೆಯವಳು, ಅವಳು ನನಗಿಂತ ಚೆನ್ನಾಗಿ ಬೇರೆಯವರಿಗೆ ಹೇಳುತ್ತಾಳೆ ಈಗ.

ಹೆಸರು ಬೇಡ ಅಂದವರೇ, ನೀವು ಬರೆದಿದ್ದನ್ನು ನಾಲ್ಕು ಸಲ ಓದಿದೆ. ನಮ್ಮ ಮನೆಯವರಿಗೂ ಓದಿ ಹೇಳಿದೆ. ಅವರು ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, "ಜನ ನನ್ನನ್ನು ಅನುಮಾನದಿಂದ ನೋಡುವುದೇ ಒಳ್ಳೆಯದು, ಯಾರೂ ನೋಡದೇ ಇದ್ದರೆ ಆ ಅಮ್ಮನ ಹಾಗೆ ಆಗುತ್ತದೆ" ಅಂದರು. ನಾನು ಅದನ್ನು ಅವರ ಬಾಯಿಂದ ನಿರೀಕ್ಷೆ ಮಾಡಿರಲಿಲ್ಲ.

ನಿನ್ನೆ ಒಂದು ಪ್ರಯೋಗ ಆಯಿತು. ಮೂವರು ಬಂದಿದ್ದರು, ಅತ್ತೆ, ಸೊಸೆ, ಒಬ್ಬಳು ಹುಡುಗಿ. ಹುಡುಗಿ ನನ್ನ ಕೈ ತೋರಿಸಿ ಏನೋ ಕೇಳಲು ಹೊರಟಳು, ಅತ್ತೆ ಅವಳ ತೊಡೆ ಚಿವುಟಿದರು. ನಾನೇ ಹೇಳಿದೆ. "ಕೇಳಲಿ ಬಿಡಿ ಅಮ್ಮ. ಇದು ಐಟಿಪಿ ಅಂತ, ಮೂರು ವರ್ಷ ಆಯಿತು. ಪ್ಲೇಟ್‌ಲೆಟ್ ನಿಮಗೆ ಲಕ್ಷದ ಮೇಲೆ ಇರುತ್ತದೆ, ನನಗೆ ಹೋದ ವಾರ 41 ಸಾವಿರ. ಯಾರೋ ಹೊಡೆದರು ಅಂದುಕೊಂಡಿರಬಹುದು, ಯಾರೂ ಹೊಡೆದಿಲ್ಲ." ಧ್ವನಿ ಸ್ವಲ್ಪ ನಡುಗಿತು, ಆದರೆ ಪೂರ್ತಿ ಹೇಳಿದೆ. ಅತ್ತೆ "ಅಯ್ಯೋ, ಹಂಗೇ ಅಂದ್ಕೊಂಡಿದ್ದೆ ಕಣಮ್ಮ" ಅಂತ ನಕ್ಕುಬಿಟ್ಟರು. ಹುಡುಗಿ, ಮುಟ್ಟಿದರೆ ನೋವಾಗುತ್ತಾ ಅಂತ ಕೇಳಿದಳು. ಹೊಸದು ಒತ್ತಿದರೆ ಆಗುತ್ತದೆ, ಹಳೆಯದು ಆಗುವುದಿಲ್ಲ ಅಂದೆ. ಹಸಿರು ಕಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಮೂರು ವರ್ಷದಲ್ಲಿ ಅಂಗಡಿಯಲ್ಲಿ ಯಾರೂ ಮುಟ್ಟಿರಲಿಲ್ಲ. ಸೊಸೆ ಮಾತ್ರ ಒಂದೂ ಮಾತಾಡಲಿಲ್ಲ, ಅವರು ಹಾಗೇ ಮಿತಭಾಷಿ ಇರಬಹುದು. ಆದರೂ ಬಿಲ್ ಜೊತೆಗೆ ಆ ನಂಬರ್ ಬರೆದ ಚೀಟಿ ಇಡಬೇಕಿತ್ತಾ ಅಂತ ರಾತ್ರಿ ಎಲ್ಲ ಯೋಚನೆ ಬಂತು.

ಹೊಳಲ್ಕೆರೆ ತಮ್ಮ, ಮಾತ್ರೆ ನಾನು ಬೆಳಿಗ್ಗೆ ಟೀ ಜೊತೆ ತಗೊಳ್ಳುತ್ತಿದ್ದೆ, ಹಾಲು ಹಾಕಿದ ಟೀ. ಯಾರೂ ಹೇಳಿರಲಿಲ್ಲ. ಡಾಕ್ಟರನ್ನು ಕೇಳಿ ರಾತ್ರಿ ಮಲಗುವಾಗ ತಗೊಳ್ಳಲು ಶುರು ಮಾಡಿದ್ದೇನೆ, ಊಟ ಏಳಕ್ಕೇ ಮುಗಿಸಿ, ಹನ್ನೊಂದಕ್ಕೆ. ಮುಂದಿನ ಸೋಮವಾರ ಮತ್ತೆ ಪರೀಕ್ಷೆ ಇದೆ. ಕೌಂಟ್ ಎಷ್ಟು ಬಂತು ಅಂತ ಬಂದು ಹಾಕುತ್ತೇನೆ.